ಭಯದಿಂದ ಬಿಟ್ಟುದು ತ್ಯಾಗವೇ?

ಶ್ರಾವಕನು ಒಂದು ಪದಾರ್ಥವನ್ನು ಬಿಡುವುದಕ್ಕೆ ಕಾರಣಗಳು ಹಲವು. ವೈದ್ಯರ ಮಾತಿಗೆ ಬಿಟ್ಟವರುಂಟು, ಬೆಲೆಯೇರಿತೆಂದು ಬಿಟ್ಟವರುಂಟು, ಮುನಿಗಳ ಸನ್ನಿಧಿಯಲ್ಲಿ ನಿಯಮ ಹಿಡಿದು ಬಿಟ್ಟವರೂ ಉಂಟು. ತಟ್ಟೆಯಲ್ಲಿ ಆ ಪದಾರ್ಥ ಇಲ್ಲವೆಂಬಷ್ಟಕ್ಕೆ ಎಲ್ಲರೂ ಸಮಾನರು. ಆದರೆ ಪತ್ರಿಕೆಯ ಸುದ್ದಿಗೆ ಹೆದರಿ ಬಿಟ್ಟವರನ್ನು ಯಾವ ಸಾಲಿನಲ್ಲಿ ಕೂಡಿಸಬೇಕು? 2015ರಲ್ಲಿ ನಡೆದ ಮ್ಯಾಗಿ ಪ್ರಕರಣವು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ತೆಗೆದ ಮಾದರಿಯಲ್ಲಿ ಹತ್ತು ಲಕ್ಷ ಭಾಗಗಳಿಗೆ 17.2 ಭಾಗ ಸೀಸವಿದೆಯೆಂದು ಕಲ್ಕತ್ತೆಯ ಪ್ರಯೋಗಾಲಯವು ವರದಿಮಾಡಿತು. ವಿಧಿಸಿದ್ದ ಮಿತಿ 2.5. ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರವು ಆ ತಿನಿಸನ್ನು ದೇಶದ ಅಂಗಡಿಗಳಿಂದೆಲ್ಲ ಹಿಂದಕ್ಕೆ ಪಡೆಯಬೇಕೆಂದು ಆಜ್ಞಾಪಿಸಿತು. ಸೀಸಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಎಳೆಯರ ಮಿದುಳಿಗೆ ಅದು ಮಾಡುವ ಕೇಡು ಬೇಗನೆ ಕಣ್ಣಿಗೆ ಬೀಳುವುದೂ ಇಲ್ಲ. ತಾಯಂದಿರು ಹೆದರಿದುದು ಸಹಜವೇ. (ಈರುಳ್ಳಿ ಬೆಳ್ಳುಳ್ಳಿಗಳ ಪುಡಿ ಬೆರೆತ ಆ ಮಸಾಲೆಯು ನಮ್ಮವರ ಎಷ್ಟು ಅಡುಗೆಮನೆಗಳನ್ನು ಹೊಕ್ಕಿತ್ತೆಂಬುದೂ ಆಗಲೇ ಹೊರಬಿದ್ದಿತು!)

ಆಗಸ್ಟ್ 13ರಂದು ಮುಂಬಯಿ ಉಚ್ಚ ನ್ಯಾಯಾಲಯವು ಆ ನಿಷೇಧವನ್ನು ರದ್ದುಮಾಡಿತು. ಪರೀಕ್ಷಿಸಿದ ಪ್ರಯೋಗಾಲಯಗಳಿಗೆ ಯೋಗ್ಯ ಮಾನ್ಯತೆಯಿರಲಿಲ್ಲ, ಕಂಪನಿಯ ಅಹವಾಲನ್ನು ಕ್ರಮವಾಗಿ ಕೇಳಿರಲಿಲ್ಲ ಎಂಬುದು ಅದರ ನಿರ್ಣಯ. ಮಾನ್ಯತೆ ಪಡೆದ ಮೂರು ಪ್ರಯೋಗಾಲಯಗಳ ಮರುಪರೀಕ್ಷೆಯಲ್ಲಿ ಸೀಸವು ಮಿತಿಯೊಳಗೇ ಇದ್ದಿತು. ಅಷ್ಟರಲ್ಲಿ 30,000 ಟನ್ನಿನಷ್ಟು ಸರಕನ್ನು ಸಿಮೆಂಟ್ ಕಾರ್ಖಾನೆಗಳ ಗೂಡುಗಳಲ್ಲಿ ಸುಟ್ಟಾಗಿತ್ತು. ನವೆಂಬರಿನಲ್ಲಿ, ನಮ್ಮ ನಂಜನಗೂಡಿನ ಕಾರ್ಖಾನೆಯೂ ಸೇರಿ, ತಯಾರಿಕೆ ನಡೆದು ಸರಕು ಮರಳಿ ಬಂದಿತು. ಅಂತರಜಾಲದಲ್ಲಿ ಮಾರಾಟಕ್ಕಿಟ್ಟ 60,000 ಪೆಟ್ಟಿಗೆಗಳು ಐದೇ ನಿಮಿಷಗಳಲ್ಲಿ ಮುಗಿದುವೆಂದು ಪತ್ರಿಕೆಗಳು ಬರೆದುವು.

ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಕಾಲದ ಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವನಪರ್ಯಂತದ ತ್ಯಾಗವನ್ನು ಯಮವೆಂದೂ ವಿಂಗಡಿಸಿದ್ದಾರೆ. ನಿಯಮದಲ್ಲಿ ಕಾಲವನ್ನು ಗೊತ್ತುಮಾಡುವವನು ವ್ರತಿಯೇ. ಇಲ್ಲಿಯಾದರೋ ತೊಡಗಿಸಿದುದು ಸರಕಾರ, ಮುಗಿಸಿದುದು ನ್ಯಾಯಾಲಯ. ನಾಲಗೆಯ ಆಸೆ ನಡುವೆ ಕಾದು ಕುಳಿತಿತ್ತು. ಈ ಎಚ್ಚರವನ್ನು ನಾನು ಹಳಿಯುವುದಿಲ್ಲ. ಶರೀರವನ್ನು ಕಾಪಾಡಿಕೊಳ್ಳುವುದು ಗೃಹಸ್ಥನಿಗೆ ವಿಹಿತವೇ. ಅದಕ್ಕೆ ವ್ರತದ ಹೆಸರು ಸಲ್ಲದು, ಅಷ್ಟೆ.

ಇದಕ್ಕಿಂತ ಸೂಕ್ಷ್ಮವಾದ ಮಾತೊಂದಿದೆ. ಜೂನ್ ತಿಂಗಳಲ್ಲಿ ಮನೆಯಲ್ಲಿ ಉಳಿದಿದ್ದ ಪೊಟ್ಟಣಗಳನ್ನು ಕೆಲವರು ಅಂಗಡಿಗೆ ಮರಳಿಸಿದರು, ಕೆಲವರು ಎಸೆದರು. ಒಬ್ಬ ಗೃಹಿಣಿಯು, ‘ನಮ್ಮ ಮಕ್ಕಳಿಗೆ ಬೇಡ, ಸುಮ್ಮನೆ ಹಾಳೇಕೆ’ ಎಂದು ಮನೆಗೆಲಸದಾಕೆಯ ಮಕ್ಕಳಿಗೆ ಕೊಟ್ಟಳೆಂದು ಭಾವಿಸಿರಿ. ಇದು ಆಹಾರದಾನವೇ? ಆ ತಿನಿಸು ನಿರ್ದೋಷವೆಂದು ಮುಂದೆ ತಿಳಿಯಿತಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಪ್ರಯೋಗಾಲಯವು ಪರೀಕ್ಷಿಸಿದುದು ತಿನಿಸನ್ನು, ಕೊಟ್ಟವಳ ಪರಿಣಾಮವನ್ನಲ್ಲ. ವಿಷವಿರಬಹುದೆಂದು ತಾನು ನಂಬಿದ್ದಾಗಲೇ ಆಕೆ ಅದನ್ನು ಪರರ ಮಕ್ಕಳ ಕೈಗಿತ್ತಳು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದೆ. ಮಕ್ಕಳಿಗೆ ಏನೂ ಆಗಲಿಲ್ಲವೆಂಬ ಮಾತ್ರಕ್ಕೆ ಆ ಭಾವದಿಂದಾದ ಬಂಧವು ಇಲ್ಲವಾಗದು. ಹಾಗೆಯೇ, ಅನುಮಾನ ಬಂದೊಡನೆ ಪೊಟ್ಟಣವನ್ನು ಎಸೆದ ತಾಯಿಯು ಆಗಸ್ಟಿನ ತೀರ್ಪಿನಿಂದ ಅವಿವೇಕಿಯೂ ಆಗಲಿಲ್ಲ. ಜೂನಿನಲ್ಲಿ ಆಕೆಗೆ ತಿಳಿದಿದ್ದುದು ಅಷ್ಟೇ.

ಮಾರುವವನ ಹೊಣೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಬೆರಕೆಯ ಸರಕನ್ನು ಮಾರುವುದು, ಪ್ರತಿರೂಪಕ ವ್ಯವಹಾರವೆಂಬ ಹೆಸರಿನಿಂದ, ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲೊಂದಾಗಿದೆ. 2006ರ ಆಹಾರ ಸುರಕ್ಷತಾ ಕಾಯಿದೆಯೂ ದೋಷದ ಸಂಶಯ ಬಂದೊಡನೆ ವ್ಯಾಪಾರಿಯೇ ಮುಂದಾಗಿ ಸರಕನ್ನು ಹಿಂದಕ್ಕೆ ಪಡೆಯಬೇಕೆನ್ನುತ್ತದೆ.

ಆದರೆ ಹಿಂದಕ್ಕೆ ಪಡೆಯಲು ಪೊಟ್ಟಣದ ಮೇಲೆ ಹೆಸರೂ ತಂಡದ ಸಂಖ್ಯೆಯೂ ಇರಬೇಕಷ್ಟೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆಯೆಣ್ಣೆಗೆ ದತ್ತೂರಿಗಿಡದ ಬೀಜದೆಣ್ಣೆ ಬೆರೆತು ಅರುವತ್ತರಷ್ಟು ಜನರು ಮಡಿದರು. ಅದರ ಬಳಿಕ ಬಿಡಿಯೆಣ್ಣೆಯ ಮಾರಾಟಕ್ಕೆ ತಡೆ ಬಂದಿತು. ಬಿಡಿಯಾಗಿ ಕೊಂಡ ಅರಿಸಿನದ ಪುಡಿಯನ್ನು ಯಾರು ಹಿಂದಕ್ಕೆ ಕರೆಸಬೇಕು? ಹಳದಿಯ ಹೊಳಪಿಗಾಗಿ ಅದಕ್ಕೆ ಬೆರೆಸುವ ಕ್ರೋಮೇಟಿನಲ್ಲಿರುವುದೂ ಆ ಸೀಸವೇ. ಶ್ಯಾವಿಗೆಗೆ ಹೆದರಿದ ಮನೆಗಳು ಅರಿಸಿನದ ಡಬ್ಬಿಯನ್ನು ತೆರೆದು ನೋಡಿದುವೆಂದು ನಾನು ಕೇಳಲಿಲ್ಲ. ಹಿಟ್ಟಿಗೆ ಚಳಿಗಾಲದಲ್ಲಿ ಏಳು, ಬೇಸಗೆಯಲ್ಲಿ ಐದು, ಮಳೆಗಾಲದಲ್ಲಿ ಮೂರು ದಿನಗಳ ಮರ್ಯಾದೆಯನ್ನು ಪಾಲಿಸುವ ಮನೆಗಳಿಗೆ ಅರಿಸಿನದ ಕೊಂಬನ್ನು ತಂದು ಮನೆಯಲ್ಲೇ ಕುಟ್ಟಿಕೊಳ್ಳುವುದು ಹೊರೆಯಾಗಲಾರದು. ಕೊಂಬಿಗೂ ಆ ಬಣ್ಣವನ್ನು ಲೇಪಿಸುವುದುಂಟು. ಆದುದರಿಂದ ಥಳಥಳಿಸುವುದನ್ನು ಬಿಟ್ಟು ಮಂಕಾದುದನ್ನೇ ಆರಿಸಿಕೊಳ್ಳಬೇಕು.