ಕೇಳಿಸದ ಸಾಲು

ರಾಬರ್ಟ್ ಶೂಮನ್ ಎಂಬ ಜರ್ಮನ್ ಸಂಗೀತಕಾರನು 1838ರಲ್ಲಿ, ತನ್ನ 27ನೆಯ ವಯಸ್ಸಿನಲ್ಲಿ, ‘ಬಾಲ್ಯದ ದೃಶ್ಯಗಳು’ ಎಂಬ 13 ಕಿರುಕೃತಿಗಳನ್ನು ಪಿಯಾನೊಗಾಗಿ ರಚಿಸಿದನು. ಇವು ಮಕ್ಕಳ ಪಾಠಗಳಲ್ಲ. ವಯಸ್ಕನೊಬ್ಬನು ತನ್ನ ಎಳವೆಯತ್ತ ತಿರುಗಿ ನೋಡಿದ ನೋಟಗಳು. ಮಕ್ಕಳಿಗೆಂದೇ ಅವನು ಬೇರೊಂದು ಸಂಪುಟವನ್ನು ಬರೆದದ್ದು ಹತ್ತು ವರ್ಷಗಳ ನಂತರ. ಹೀಗಿರುವಾಗ, ಒಬ್ಬನ ಏಕಾಂತದ ನೆನಪನ್ನು ಎಂಟು ಮಂದಿಯ ಕೈಗೆ ಹಂಚುವುದು ನ್ಯಾಯವೇ?

ಜಾಲಹಳ್ಳಿಯ ನಮ್ಮ ಮಕ್ಕಳ ವಾದ್ಯವೃಂದಕ್ಕೆ ಈ ಕೃತಿಗಳಲ್ಲಿ ಕೆಲವನ್ನು ಅಳವಡಿಸಲು ಕುಳಿತಾಗ ಈ ಪ್ರಶ್ನೆ ನನ್ನನ್ನು ಕಾಡಿತು. ಪಿಯಾನೊ ನಮ್ಮ ನಾಡಿಗೆ ಅಪರಿಚಿತವೇನಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಅವರೇ ಅದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದರು. ಆದರೆ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಸುತ್ತ ಬೆಳೆದ ಈ ಬಡಾವಣೆಗಳ ಮನೆಗಳಿಗೆ ಅದು ಎಲ್ಲಿಂದ ಬರಬೇಕು? ನಮ್ಮಲ್ಲಿದ್ದುದು ನಾಲ್ಕು ಪಿಟೀಲು, ಎರಡು ಗಿಟಾರ್, ಒಂದು ಕೊಳಲು, ಒಂದು ಕೀಬೋರ್ಡ್.

ಹಂಚುವುದು ಅಪರಾಧವಲ್ಲವೆನ್ನಲು ಆಧಾರವುಂಟು. ಫ್ರಾನ್ಸಿನ ಬಿಜೆ 1871ರಲ್ಲಿ ಮಕ್ಕಳ ಆಟಗಳ ಕುರಿತು ಒಂದೇ ಪಿಯಾನೊದಲ್ಲಿ ಇಬ್ಬರು ನುಡಿಸುವ 12 ಕೃತಿಗಳನ್ನು ಬರೆದು, ಅವುಗಳಲ್ಲಿ ಐದನ್ನು ತಾನೇ ವಾದ್ಯವೃಂದಕ್ಕೆ ಅಳವಡಿಸಿದನು. ಉಳಿದ ಏಳನ್ನು ಆ ಗುಚ್ಛಕ್ಕೆ ಸೇರಿಸಲಿಲ್ಲ ಎಂಬುದನ್ನೂ ಮರೆಯಬಾರದು.

ನಿಜವಾದ ತೊಡಕು ಬೇರೆಡೆ ಇತ್ತು. ಶೂಮನ್‌ನ ಏಳನೆಯ ಕೃತಿ ‘ಹಗಲುಗನಸು’ ನಮ್ಮ ಗಾನವೃಂದದ ಹಾಡಿನಂತೆ ಬಹುತೇಕ ನಾಲ್ಕು ಸ್ವರಪಂಕ್ತಿಗಳಲ್ಲಿ ಸಾಗುತ್ತದೆ. ಪಿಯಾನೊದಲ್ಲಿ ಒಬ್ಬನೇ ನಾಲ್ಕನ್ನೂ ನುಡಿಸುವುದರಿಂದ ಯಾರಿಗೂ ನೋವಿಲ್ಲ. ಹಂಚಿದೊಡನೆ ಮೇಲಿನ ರಾಗ ಒಬ್ಬಳಿಗೆ ದೊರೆಯುತ್ತದೆ. ಒಳಗಿನ, ಕಿವಿಗೆ ಬೀಳದ ಸಾಲು ಮತ್ತೊಬ್ಬನಿಗೆ. ಆ ಸಾಲು ಸಿಕ್ಕ ಹನ್ನೊಂದರ ಹುಡುಗ ಮೂರನೆಯ ಶನಿವಾರ ನನ್ನನ್ನು ಕೇಳಿದ: “ಫಾದರ್, ನಾನು ನುಡಿಸೋದು ಅಮ್ಮನಿಗೆ ಕೇಳಿಸುತ್ತಾ?”

ಕೇಳಿಸುವುದಿಲ್ಲ. ಗುರುಮಠದಲ್ಲಿ ನಾಲ್ಕು ವರ್ಷ ಟೆನರ್ ಹಾಡಿದ ನನಗೆ ಇದು ಚೆನ್ನಾಗಿ ಗೊತ್ತು. ಆದರೂ ಹಾಗೆ ಹೇಳಲು ಬಾಯಿ ಬರಲಿಲ್ಲ. ಅಂದು ರಾತ್ರಿ ರಾಗವನ್ನು ತುಂಡರಿಸಿ ಎಲ್ಲರಿಗೂ ಎರಡೆರಡು ಸಾಲು ಹಂಚಿದೆ. ಮುಂದಿನ ವಾರ ಹೆತ್ತವರೆಲ್ಲರಿಗೂ ಸಂತೋಷವಾಯಿತು. ಹಗಲುಗನಸು ಮಾತ್ರ ತರಗತಿಯಲ್ಲಿ ಹಾಜರಿ ಕರೆದಂತಿತ್ತು. ಮಗುವನ್ನು ಸಂತೈಸಲೆಂದು ನಾನು ಕೃತಿಗೂ ಸುಳ್ಳಾದೆ, ಮಗುವಿಗೂ ಸುಳ್ಳಾದೆ.

ಮತ್ತೆ ಮೂಲಪುಟವನ್ನು ಬಿಡಿಸಿ ನೋಡಿದೆ. ನಡುಭಾಗದಲ್ಲಿ ಶೂಮನ್‌ನೇ ಆ ರಾಗದ ತುಣುಕನ್ನು ಕೆಳಗಿನ ಪಂಕ್ತಿಗಳಿಗೆ ಒಪ್ಪಿಸಿದ್ದಾನೆ. ಮೇಲಿನದು ನುಡಿದುದನ್ನು ಕೆಳಗಿನದು ಮರುನುಡಿಯುತ್ತದೆ. ನನ್ನ ಕರುಣೆಗಿಂತ ಮೊದಲೇ ಅಲ್ಲಿ ಒಂದು ಪಾಲು ಕಾದಿತ್ತು, ನಾನು ಗಮನಿಸಿರಲಿಲ್ಲ. ಹುಡುಗನಿಗೆ ಅದನ್ನು ತೋರಿಸಿದೆ. ಉಳಿದೆಡೆ ನಿನ್ನ ಧ್ವನಿ ಬೇರೆಯಾಗಿ ಕೇಳಿಸದು ಎಂದೂ ಹೇಳಿದೆ. ಅವನ ಮುಖ ಸಪ್ಪಗಾಯಿತು. ಆದರೆ ಬಿಲ್ಲನ್ನು ಕೆಳಗಿಡಲಿಲ್ಲ.

ಇನ್ನು ಉಳಿದಿರುವುದು ಕೊನೆಯ ಕೃತಿ, ‘ಕವಿ ನುಡಿಯುತ್ತಾನೆ’. ಅದರ ನಡುವೆ ಚಿಕ್ಕ ಅಕ್ಷರಗಳಲ್ಲಿ ಬರೆದ, ತಾಳದ ಕಟ್ಟಿಗೆ ಒಳಪಡದ ಒಂದು ಸಾಲಿದೆ. ಅದನ್ನು ಹಂಚಲಾಗದು; ಒಬ್ಬರೇ ನುಡಿಸಬೇಕು, ಉಳಿದ ಏಳು ಮಂದಿ ಸುಮ್ಮನೆ ಕಾಯಬೇಕು. ನಮ್ಮಲ್ಲಿ ಅತ್ಯಂತ ನಿಪುಣಳಾದ ಹುಡುಗಿಗೆ ಅದನ್ನು ಕೊಡಬೇಕೆಂದಿದ್ದೆ. ಹುಡುಗನೂ ಮನೆಯಲ್ಲಿ ಅದನ್ನೇ ಅಭ್ಯಾಸ ಮಾಡುತ್ತಿದ್ದಾನೆಂದು ಅವನ ತಾಯಿ ತಿಳಿಸಿದ್ದಾರೆ. ಯಾರಿಗೆ ಕೊಡಬೇಕೆಂದು ನಾನಿನ್ನೂ ತೀರ್ಮಾನಿಸಿಲ್ಲ.