ಹೇಳದೆ ಬದಲಾದ ಆಜ್ಞೆ

ಡಿಸ್ಕನ್ನು ನಿಭಾಯಿಸುವ ಸಾಧನಗಳು ತಮ್ಮ ಡೀಫಾಲ್ಟ್ ನಡವಳಿಕೆಯನ್ನು ಬಳಕೆದಾರರಿಗೆ ತಿಳಿಸದೆ ಬದಲಿಸಬಹುದೆ? ತಂತ್ರಜ್ಞರಿಗಷ್ಟೇ ಬಿಟ್ಟುಕೊಡುವ ಪ್ರಶ್ನೆ ಇದಲ್ಲ. ಮದುವೆಯ ಫೋಟೊ, ಜಮೀನಿನ ಪತ್ರದ ಸ್ಕ್ಯಾನ್, ಅರ್ಧ ಬರೆದಿಟ್ಟ ಕಾದಂಬರಿ ಎಲ್ಲವೂ ಇರುವುದು ಆ ಡಿಸ್ಕಿನಲ್ಲೇ.

ವಿಂಡೋಸ್‌ನ ‘ಫಾರ್ಮ್ಯಾಟ್’ ಆಜ್ಞೆಯನ್ನೇ ನೋಡಿ. ಎಕ್ಸ್‌ಪಿಯವರೆಗೆ ಪೂರ್ಣ ಫಾರ್ಮ್ಯಾಟ್ ಕೂಡ ಕಡತಗಳ ಪಟ್ಟಿಯನ್ನು ಹೊಸದಾಗಿ ಬರೆದು, ಕೆಟ್ಟ ಸೆಕ್ಟರ್‌ಗಳನ್ನು ಹುಡುಕಿ ಸುಮ್ಮನಾಗುತ್ತಿತ್ತು. ಹಳೆಯ ಮಾಹಿತಿಯ ಬಹುಭಾಗ ಇದ್ದಲ್ಲೇ ಇರುತ್ತಿತ್ತು. ಅವಸರದಲ್ಲಿ ತಪ್ಪು ಡ್ರೈವನ್ನು ಆರಿಸಿದವರು ರಿಕವರಿ ಸಾಫ್ಟ್‌ವೇರ್ ಹಿಡಿದು ಸಾಕಷ್ಟನ್ನು ಉಳಿಸಿಕೊಳ್ಳಬಹುದಿತ್ತು. 2007ರಲ್ಲಿ ಜನರ ಕೈಗೆ ಬಂದ ವಿಸ್ಟಾದಿಂದೀಚೆಗೆ ಅದೇ ಪೂರ್ಣ ಫಾರ್ಮ್ಯಾಟ್ ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನು ಬರೆಯುತ್ತದೆ. ಆಮೇಲೆ ಯಾವ ರಿಕವರಿಯೂ ಇಲ್ಲ.

ಎಲ್ಲ ಮಾಹಿತಿ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಮೊದಲಿನಿಂದಲೂ ಇತ್ತಲ್ಲ ಎನ್ನಬಹುದು. ಇತ್ತು, ನಿಜ. ಆದರೆ ಜನ ಸಾಧನವನ್ನು ಅರಿಯುವುದು ಅದರ ಮಾತಿನಿಂದಲ್ಲ, ವರ್ತನೆಯಿಂದ. ವರ್ಷಗಟ್ಟಲೆ ಅಳಿಸದೆ ಬಿಟ್ಟ ಆಜ್ಞೆ ಅದೇ ಹೆಸರಿನಲ್ಲಿ, ಅದೇ ಎಚ್ಚರಿಕೆಯೊಂದಿಗೆ ನಿಜವಾಗಿಯೂ ಅಳಿಸತೊಡಗಿದರೆ, ಹಳೆಯ ಎಚ್ಚರಿಕೆ ಹೊಸ ಅಪಾಯವನ್ನು ತಿಳಿಸಿದಂತಾಗುವುದಿಲ್ಲ.

ಬದಲಾವಣೆಯೇ ತಪ್ಪು ಎನ್ನುತ್ತಿಲ್ಲ. ಹಳೆಯ ಡಿಸ್ಕನ್ನು ಮಾರುವವರಿಗೆ ಆ ಸೊನ್ನೆಗಳೇ ರಕ್ಷಣೆ. ಅವರ ಬ್ಯಾಂಕ್ ವಿವರ ಕೊಂಡವರ ಕೈಗೆ ಸಿಗುವುದಿಲ್ಲ. ಒಬ್ಬರಿಗೆ ರಕ್ಷಣೆಯಾದದ್ದೇ ಇನ್ನೊಬ್ಬರಿಗೆ ನಷ್ಟ. ಎದುರಿಗೆ ಕೂತವರು ಇಬ್ಬರಲ್ಲಿ ಯಾರೆಂದು ಸಾಧನಕ್ಕೆ ತಿಳಿಯದು. ತಿಳಿಯದಿರುವಾಗ ಅವರ ಪರವಾಗಿ ತಾನೇ ತೀರ್ಮಾನಿಸಿ ಬಾಯಿ ಮುಚ್ಚಿಕೊಳ್ಳುವ ಹಕ್ಕು ಅದಕ್ಕೆ ಎಲ್ಲಿಂದ ಬಂತು?

ಸದ್ದಿಲ್ಲದ ಬದಲಾವಣೆಗಳೆಲ್ಲ ಇಂಥವಲ್ಲ. ಕಡತವನ್ನು ಓದಿದಾಗಲೆಲ್ಲ ಓದಿದ ಸಮಯವನ್ನು ಡಿಸ್ಕಿಗೆ ಬರೆಯುವ ಪದ್ಧತಿಯನ್ನು ಲಿನಕ್ಸ್ ಕರ್ನಲ್ 2009ರಲ್ಲಿ, 2.6.30ನೇ ಆವೃತ್ತಿಯಲ್ಲಿ, ಡೀಫಾಲ್ಟ್ ಆಗಿಯೇ ಸಡಿಲಿಸಿತು. ಅನಗತ್ಯ ಬರವಣಿಗೆ ತಗ್ಗಿತು. ಹಳೆಯ ಕ್ರಮವೇ ಬೇಕೆನ್ನುವವರು ಮೌಂಟ್ ಮಾಡುವಾಗ ಒಂದು ಆಯ್ಕೆ ಕೊಟ್ಟರೆ ಸಾಕು. ಹಿಂತಿರುಗುವ ದಾರಿ ತೆರೆದಿರುವಲ್ಲಿ ಮೌನವನ್ನು ನಾನು ಒಪ್ಪುತ್ತೇನೆ.

ಬಿಡುಗಡೆ ಟಿಪ್ಪಣಿಯಲ್ಲಿ ಬರೆದರೆ ಸಾಲದೆ? ಸಾಲದು. ಎಕ್ಸ್ಟ್4 ಕಡತ ವ್ಯವಸ್ಥೆಯ ಸಾಧನಗಳ 1.47.0 ಆವೃತ್ತಿ 2023ರಲ್ಲಿ ಎರಡು ಹೊಸ ವೈಶಿಷ್ಟ್ಯಗಳನ್ನು ಡೀಫಾಲ್ಟ್ ಮಾಡಿತು. ಟಿಪ್ಪಣಿಯಲ್ಲಿ ಅದನ್ನು ಪ್ರಾಮಾಣಿಕವಾಗಿ ಹೇಳಿಯೂ ಇತ್ತು. ಆದರೂ ಅದರಿಂದ ತಯಾರಾದ ಡಿಸ್ಕನ್ನು ಹಳೆಯ ವ್ಯವಸ್ಥೆಗಳ ತಪಾಸಣಾ ಸಾಧನ ಪರೀಕ್ಷಿಸಲು ಒಪ್ಪಲಿಲ್ಲ. ಕೊನೆಗೆ ಲಿನಕ್ಸ್ ವಿತರಣೆಯಾದ ಡೆಬಿಯನ್ ಆ ಎರಡನ್ನೂ ತನ್ನ ಡೀಫಾಲ್ಟ್‌ನಿಂದ ತೆಗೆಯಿತು. ಟಿಪ್ಪಣಿ ಇರುವುದು ಒಂದು ಕಡೆ, ಆಜ್ಞೆ ಕೊಡುವ ಕೈ ಇರುವುದು ಇನ್ನೊಂದು ಕಡೆ.

ಪ್ರತಿ ಹೆಜ್ಜೆಗೂ ನಿಲ್ಲಿಸಿ ಕೇಳಿದರೆ ರಾತ್ರಿ ತಾವಾಗಿ ಓಡುವ ಸ್ಕ್ರಿಪ್ಟುಗಳು ನಿಂತುಹೋಗುತ್ತವೆ ಎಂಬ ಆಕ್ಷೇಪಕ್ಕೆ ತೂಕವಿದೆ. ಅದಕ್ಕೆ ಉತ್ತರ ಮೌನವಲ್ಲ. ಹೊಸ ನಡವಳಿಕೆಯನ್ನು ಮೊದಲು ಹೊಸ ಆಯ್ಕೆಯಾಗಿ ಕೊಡಿ. ಅದು ಡೀಫಾಲ್ಟ್ ಆಗುವ ದಿನ ಹತ್ತಿರವಾದಾಗ, ಆಜ್ಞೆ ಕೊಟ್ಟ ಪರದೆಯ ಮೇಲೆಯೇ ಒಂದು ಸಾಲು ಮುದ್ರಿಸಿ: ಇನ್ನು ಮುಂದೆ ಇದನ್ನು ಮರಳಿ ಪಡೆಯಲಾಗದು. ಸಾಧನ ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟೇ.