ಮಿಗಿಲಾದುದು ಮತ್ತು ಬೇಕಾದುದು

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಅರಿಯದ ಶರಣಕುಟುಂಬವಿಲ್ಲ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬರಲು, ಸತಿ ಲಕ್ಕಮ್ಮನವರು ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದರು.

ಇದನ್ನು ಕೇಳಿ, ಬಡವರು ಏನನ್ನೂ ಕೂಡಿಡಬಾರದೆಂದು ಅರ್ಥಮಾಡುವವರುಂಟು. ಅದು ತಪ್ಪು. ಅಕ್ಕಿಯನ್ನು ಅಳೆದವರು ಯಾರು? ಲಕ್ಕಮ್ಮನವರೇ. ಅಳೆದುದು ಯಾರ ಮನೆಯದನ್ನು? ತಮ್ಮ ಮನೆಯದನ್ನು. ಪರರ ಮಡಕೆಗಳನ್ನು ಎಣಿಸಲು ಅವರು ಹೊರಡಲಿಲ್ಲ.

2021ನೆಯ ಇಸವಿಯ ಫೆಬ್ರವರಿಯಲ್ಲಿ, ಮನೆಯಲ್ಲಿ ಟಿ.ವಿ., ಫ್ರಿಜ್ಜು, ದ್ವಿಚಕ್ರ ವಾಹನಗಳುಳ್ಳವರು ಬಿ.ಪಿ.ಎಲ್. ಪಡಿತರ ಚೀಟಿಯನ್ನು ಹಿಂದಿರುಗಿಸಬೇಕೆಂಬ ಮಾತು ನಮ್ಮ ರಾಜ್ಯದ ಆಹಾರ ಸಚಿವರಿಂದ ಬಂದಿತು. ಜನರು ವಿರೋಧಿಸಲು, ಅಂತಹ ಹೊಸ ನಿಯಮವೇನೂ ಇಲ್ಲವೆಂಬ ಸಮಜಾಯಿಷಿಯೂ ಬಂದಿತು. ಮಾತು ಅಡಗಿತು, ಆದರೆ ನೆರೆಯವರ ಮನೆಯ ಸಾಮಾನನ್ನು ಎಣಿಸುವ ಕಣ್ಣು ಅಡಗಲಿಲ್ಲ.

2023ನೆಯ ಆಗಸ್ಟ್ 30ರಂದು ಇದೇ ಮೈಸೂರು ನಗರದಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ದೊರೆಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಆದಾಯ ತೆರಿಗೆ ಕಟ್ಟುವ ಮನೆಗೆ ಅದು ಸಲ್ಲದು; ಆದರೆ ಹಣವನ್ನು ಯಾವುದಕ್ಕೆ ವ್ಯಯಿಸಬೇಕೆಂದು ನಿಯಮ ಕೇಳುವುದಿಲ್ಲ. ಮಲ್ಲಿಗೆ ಮಾರುವ ತಾಯಿಯೊಬ್ಬಳು ಹಲವು ತಿಂಗಳ ಹಣವನ್ನು ಕೂಡಿಟ್ಟು, ಮಾರದೆ ಉಳಿದ ಹೂವು ಬಾಡದಿರಲೆಂದು ಒಂದು ಫ್ರಿಜ್ಜು ಕೊಂಡಳೆನ್ನೋಣ. ಅದು ಭೋಗವೇ? ಅಲ್ಲ, ಕಾಯಕದ ಉಪಕರಣ. ಅದನ್ನು ಕಂಡು ಅವಳ ಚೀಟಿಯನ್ನು ಕಸಿದರೆ, ಕೂಡಿಡಬೇಡ, ಕೂಡಿಟ್ಟರೆ ಬಚ್ಚಿಡು ಎಂಬ ಪಾಠವನ್ನು ಕಲಿಸಿದಂತಾಗುವುದು. ಮಿತವ್ಯಯವನ್ನು ದಂಡಿಸುವ ನಿಯಮವು ಬಡತನವನ್ನು ನೀಗಿಸದು, ಕಾಯುವುದು.

ಹಾಗಾದರೆ ಅಳತೆಯೇ ಬೇಡವೇ? ಬೇಕು. ವಾರ್ಷಿಕ ಆದಾಯ 1,20,000 ರೂಪಾಯಿ ಮೀರಿದವರಿಗೆ, ಸ್ವಂತ ಕಾರುಳ್ಳವರಿಗೆ ಬಿ.ಪಿ.ಎಲ್. ಚೀಟಿ ಸಲ್ಲದೆಂದು ನಿಯಮವಿದೆ. ಇಷ್ಟಿದ್ದೂ ಕಾರನ್ನು ಬಾಗಿಲಲ್ಲಿ ನಿಲ್ಲಿಸಿ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡವರು ನಮ್ಮ ನಡುವೆಯೇ ಇಲ್ಲವೇ? ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ಮಧ್ಯಾಹ್ನ ಬಡವರ ಪಾಲಿನ ಅಕ್ಕಿಗೆ ಚೀಲ ಹಿಡಿದರೆ ಆ ಪೂಜೆಯ ಫಲವೇನು?

ಲಕ್ಕಮ್ಮನವರ ಮಾತು ಬಂದುದು ಇಂತಹವರಿಗಾಗಿ. ಮಿಗಿಲಾದುದನ್ನು ಅಧಿಕಾರಿ ಬರುವ ಮುನ್ನ ತಾನಾಗಿ ಹಿಂದಿರುಗಿಸುವುದು ಶರಣಧರ್ಮ. ಬಡವರು ಬೆವರಿನಿಂದ ಕೂಡಿಸಿದುದನ್ನು ಮಿಗಿಲೆನ್ನದಿರುವುದೂ ಶರಣಧರ್ಮ. ಸದ್ಭಕ್ತರು ಮೊದಲು ತಮ್ಮ ಮನೆಯ ಅಕ್ಕಿಯನ್ನು ಅಳೆದು ನೋಡಲಿ.